ಬೆಟ್ಟ ಹತ್ತಿದವರ ಊಟ

ಬೆಳಗಿನ ಐದೂ ಮುಕ್ಕಾಲು. ಮೈಸೂರಿನ ಬೆಟ್ಟದ ಪಾದದಲ್ಲಿ ಇನ್ನೂ ಕತ್ತಲೆ. ಹೆಲ್ಮೆಟ್ ತೆಗೆದ ಕೂಡಲೇ ಜನವರಿಯ ಚಳಿ ಕಿವಿ ಕಚ್ಚುತ್ತದೆ. ಯಾರೋ ಮೊದಲ ಮೆಟ್ಟಿಲ ಮೇಲೆ ಕರ್ಪೂರ ಹಚ್ಚಿ ಹೋಗಿದ್ದಾರೆ. ಆ ಬೆಳಕಲ್ಲಿ ಬಗ್ಗಿ ನೋಡಿದರೆ ಕಲ್ಲಿನ ಮೇಲೆಲ್ಲ ಅರಿಶಿನ ಕುಂಕುಮದ ಹಳೆಯ ಗುರುತುಗಳು. ಬರಿಗಾಲಲ್ಲಿ ನಿಂತವರು ಹರಕೆ ಹೊತ್ತವರು. ಬೂಟು ಹಾಕಿದವರು ಬಹುಪಾಲು ಡಾಕ್ಟರು ಹೇಳಿ ಕಳಿಸಿದವರು. ಸಂಕ್ರಾಂತಿ ಕಳೆದ ಮೊದಲ ಭಾನುವಾರವಾದ್ದರಿಂದ ಇವತ್ತು ಎರಡನೆಯ ಪಂಗಡದ್ದೇ ಗದ್ದಲ. ಹೊಸ ವರ್ಷದ ಸಂಕಲ್ಪ ಇನ್ನೂ ಆರಿಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದಂತೆ. ಈ ಬೂಟುಗಳಲ್ಲಿ ಅರ್ಧದಷ್ಟು ಅದರ ಹಿಂದೆಯೇ ಹೋಗುತ್ತವೆ.

ನಿಮ್ಮ ಮುಂದೆ ಇಬ್ಬರು ಹೆಂಗಸರು. ಒಬ್ಬರಿಗೆ ನಲವತ್ತಾರರ ಆಸುಪಾಸು. ಕುವೆಂಪುನಗರದ ಕಡೆಯವರು, ಬ್ಯಾಂಕಿನಲ್ಲಿ ಕೆಲಸ, ಚೂಡಿದಾರದ ಮೇಲೆ ಗಂಡನ ಸ್ವೆಟರು, ಕಾಲಲ್ಲಿ ಹೊಚ್ಚಹೊಸ ಬಿಳಿ ಬೂಟು. ಇನ್ನೊಬ್ಬಳು ಗಂಡನ ತಂಗಿ, ನಾಲ್ಕೈದು ವರ್ಷ ಚಿಕ್ಕವಳು. ಅವಳ ಬೂಟಿನ ಹಿಮ್ಮಡಿ ಸವೆದಿದೆ. ಇವರ ಹಿಂದೆ ಎರಡು ಮೆಟ್ಟಿಲು ಬಿಟ್ಟು ಹತ್ತೋಣ. ಹೆಸರು ಬೇಡ, ಅತ್ತಿಗೆ, ನಾದಿನಿ ಎಂದರೆ ಸಾಕು.

ಅತ್ತಿಗೆಯ ತೂಕ 78 ಕೆ.ಜಿ., ಎತ್ತರ ಐದಡಿ ಎರಡಿಂಚು. ಸೊಂಟ 94 ಸೆಂಟಿಮೀಟರ್. ನಮ್ಮ ದೇಶದ ಹೆಂಗಸರಿಗೆ 80 ದಾಟಿದರೆ ಎಚ್ಚರ ಎನ್ನುತ್ತಾರೆ ವೈದ್ಯರು. ಖಾಲಿ ಹೊಟ್ಟೆಯ ಸಕ್ಕರೆ 112. ಕಾಯಿಲೆಯೆಂದು ಬರೆಯುವಷ್ಟಿಲ್ಲ, ಬಿಟ್ಟುಬಿಡುವಷ್ಟೂ ಇಲ್ಲ. ‘ಏಳೆಂಟು ಕೆ.ಜಿ. ಇಳಿಸಿಕೊಂಡು ಬನ್ನಿ, ಆಮೇಲೆ ಮಾತ್ರೆ ಯೋಚನೆ ಮಾಡೋಣ’ ಎಂದು ಡಾಕ್ಟರು ಚೀಟಿಯ ಹಿಂದೆ ಬರೆದುಕೊಟ್ಟಿದ್ದಾರೆ. ಏನು ತಿನ್ನಬೇಕು ಎಂದು ಕೇಳುವಷ್ಟರಲ್ಲಿ ಹೊರಗೆ ಮುಂದಿನ ಟೋಕನ್ ಕೂಗಿಬಿಟ್ಟಿದ್ದರು.

ಶುರುವಿನ ಮೆಟ್ಟಿಲುಗಳೇ ಕಡಿದು. ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದ ದಾರಿ ಇದು. ಆಗ ಮೊಣಕಾಲಿನ ಅಳತೆ ಯಾರು ತೆಗೆದಿದ್ದರೋ, ಒಂದು ಮೆಟ್ಟಿಲು ಗೇಣಿದ್ದರೆ ಇನ್ನೊಂದು ಗೇಣೂವರೆ. ನೂರು ಮುಟ್ಟುವಷ್ಟರಲ್ಲಿ ಅತ್ತಿಗೆಯ ಸ್ವೆಟರು ಸೊಂಟಕ್ಕೆ ಇಳಿದಿದೆ. ನಿಮ್ಮ ಎದೆಯೂ ಕುಟ್ಟುತ್ತಿದೆ, ಗಂಟಲ ಹಿಂದೆ ಕಬ್ಬಿಣದ ರುಚಿ.

‘ಒಂದ್ನಿಮಿಷ ಇರೇ, ಜೀವ ಬಾಯಿಗೆ ಬಂತು.’

‘ನಿಂತ್ಕೊಳಿ ಅತ್ತಿಗೆ, ಯಾರು ಅಟ್ಟಿಸ್ಕೊಂಡು ಬರ್ತಿಲ್ಲ. ಮಾತಾಡಕ್ಕಾಗ್ಬೇಕು, ಹಾಡು ಹೇಳಕ್ಕಾಗ್ಬಾರ್ದು. ಅಷ್ಟು ಜೋರಲ್ಲಿ ಹತ್ತುದ್ರೆ ಸಾಕು.’

ಇಬ್ಬರ ಪಕ್ಕದಲ್ಲೇ ಹುಡುಗರ ಗುಂಪೊಂದು ಒಂದೊಂದು ಮೆಟ್ಟಿಲು ಬಿಟ್ಟು ಹಾರುತ್ತ ಹೋಗುತ್ತದೆ. ಅವರ ಹಿಂದೆಯೇ ಎಪ್ಪತ್ತು ದಾಟಿದ ಅಜ್ಜಿ, ಬರಿಗಾಲು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೇ ಹದದಲ್ಲಿ. ಹುಡುಗರು ಇನ್ನೂರರಲ್ಲಿ ಮೊಣಕಾಲಿಗೆ ಕೈ ಊರಿ ನಿಂತಿರುತ್ತಾರೆ, ಅಜ್ಜಿ ಅವರನ್ನು ದಾಟಿ ಹೋಗುತ್ತಾರೆ. ಯಾವ ಭಾನುವಾರ ಬಂದರೂ ಈ ನೋಟ ತಪ್ಪುವುದಿಲ್ಲ.

ನಾದಿನಿ ಕೈಗೆ ಕಟ್ಟಿದ ಗಡಿಯಾರ ಪದೇ ಪದೇ ಗುನುಗುತ್ತದೆ. ದಾರಿಯಲ್ಲಿನ ನಂದಿ ವಿಗ್ರಹ ಹತ್ತಿರವಾಗುವ ಹೊತ್ತಿಗೆ ಅದು 412 ಕ್ಯಾಲರಿ ಎನ್ನುತ್ತಿದೆ. ಅತ್ತಿಗೆಯ ಮುಖ ಅರಳುತ್ತದೆ. ನಾಲ್ಕು ನೂರು! ಇಲ್ಲಿ ನಾನು ಸ್ವಲ್ಪ ತಣ್ಣೀರು ಎರಚಲೇಬೇಕು. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಏಳು ಬಗೆಯ ಕೈಗಡಿಯಾರಗಳನ್ನು ಪರೀಕ್ಷಿಸಿದರು. ನಾಡಿಬಡಿತವನ್ನು ಬಹುತೇಕ ಎಲ್ಲವೂ ಚೆನ್ನಾಗಿಯೇ ಹೇಳಿದವು. ಕ್ಯಾಲರಿ ವಿಷಯಕ್ಕೆ ಬಂದಾಗ ಎಲ್ಲಕ್ಕಿಂತ ನಂಬಿಕಸ್ಥ ಗಡಿಯಾರವೇ ಸರಾಸರಿ 27 ಪರ್ಸೆಂಟ್ ತಪ್ಪಿತ್ತು. ಕಡೆಯದು 93 ಪರ್ಸೆಂಟ್.

ಗಡಿಯಾರ ಬಿಡಿ, ಹೈಸ್ಕೂಲಿನ ಭೌತಶಾಸ್ತ್ರವೇ ಸಾಕು. ಸಾವಿರ ಚಿಲ್ಲರೆ ಮೆಟ್ಟಿಲು ಸೇರಿ ಸುಮಾರು 250 ಮೀಟರ್ ಏರು ಎನ್ನಿ. ಎಪ್ಪತ್ತೆಂಟು ಕೆ.ಜಿ.ಯನ್ನು ಅಷ್ಟು ಎತ್ತರಕ್ಕೆ ಎತ್ತುವ ಬರೀ ಕೆಲಸ 46 ಕ್ಯಾಲರಿ. ಮಾಂಸಖಂಡ ಒಂದು ಪಾಲು ಕೆಲಸ ಮಾಡಬೇಕಾದರೆ ನಾಲ್ಕು ಪಾಲು ಸುಡುತ್ತದೆ, ಮಿಕ್ಕಿದ್ದು ಶಾಖವಾಗಿ ಹೋಗುತ್ತದೆ. ಈಗ ನಿಮ್ಮ ಬೆನ್ನಿನಿಂದ ಹಬೆಯಾಗಿ ಏಳುತ್ತಿದೆಯಲ್ಲ, ಅದೇ. ಎಲ್ಲ ಸೇರಿ ಇನ್ನೂರರ ಹತ್ತಿರ ಬರಬಹುದು. ಒಂದು ಕೆ.ಜಿ. ಕೊಬ್ಬಿನಲ್ಲಿರುವುದು ಸುಮಾರು 7,700. ಅಂದರೆ ಊಟದಲ್ಲಿ ಏನನ್ನೂ ಬದಲಿಸದೆ ಬೆಟ್ಟದಿಂದಲೇ ಒಂದು ಕೆ.ಜಿ. ಇಳಿಸಬೇಕಾದರೆ ಮೂವತ್ತೈದು ನಲವತ್ತು ಸಲ ಹತ್ತಬೇಕು. ಕೆಳಗೆ ಇಳಿದ ಮೇಲೆ ನಜರ್‌ಬಾದಿನ ಮೈಲಾರಿಯಲ್ಲಿ ಕೂತು ಎರಡು ಬೆಣ್ಣೆದೋಸೆ ತಿಂದರೆ ಇಡೀ ಬೆಟ್ಟ ಅಲ್ಲೇ ಸಮ.

ಹಾಗಾದರೆ ಇಷ್ಟು ಜನ ಯಾಕೆ ಹತ್ತುತ್ತಿದ್ದಾರೆ? ಸುಮ್ಮನೆ ಹತ್ತುತ್ತಿಲ್ಲ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಅವರ ತಂಡ ಸಕ್ಕರೆ ಅಂಚಿನಲ್ಲಿದ್ದ 531 ಜನರನ್ನು ಮೂರು ವರ್ಷ ಹಿಂಬಾಲಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಒಂದು ಗುಂಪಿಗೆ ಕೊಟ್ಟಿದ್ದು ನಡಿಗೆ ಮತ್ತು ಊಟದ ಸಲಹೆ ಮಾತ್ರ. ಸುಮ್ಮನೆ ಬಿಟ್ಟವರಿಗಿಂತ ಅವರಲ್ಲಿ ಸಕ್ಕರೆ ಕಾಯಿಲೆಗೆ ಜಾರಿದವರ ಪ್ರಮಾಣ 28.5 ಪರ್ಸೆಂಟ್ ಕಡಿಮೆ. ಸ್ವಾರಸ್ಯವೆಂದರೆ ಅವರ ತೂಕ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಒಳಗೆ ಏನೋ ಸರಿಹೋಗುತ್ತಿತ್ತು, ತೂಕದ ಯಂತ್ರಕ್ಕೆ ಗೊತ್ತಾಗಲಿಲ್ಲ. ಅತ್ತಿಗೆಯಂಥವರು ಮೂರು ತಿಂಗಳು ಹತ್ತಿ, ಯಂತ್ರದ ಮೇಲೆ ನಿಂತು, ಮುಳ್ಳು ಕದಲದ್ದು ನೋಡಿ ಬೂಟನ್ನು ಅಟ್ಟಕ್ಕೆ ಹಾಕುತ್ತಾರೆ. ನನ್ನ ತಕರಾರಿರುವುದು ಆ ಯಂತ್ರದ ಮೇಲಿನ ಭಕ್ತಿಯ ಮೇಲೆ.

ಬೆಳಕು ಹರಿದಿದೆ. ತಿರುಗಿ ನಿಂತರೆ ಮಂಜಿನ ಕೆಳಗೆ ಊರು. ಅರಮನೆಯ ಗೋಪುರಗಳು, ಈಚೆಗೆ ರೇಸ್‌ಕೋರ್ಸಿನ ಉದ್ದನೆಯ ಸುತ್ತು. ಪಕ್ಕದಲ್ಲಿ ಒಬ್ಬರು ಕೈಕಟ್ಟಿ ನಿಂತಿದ್ದಾರೆ. ಸಣ್ಣ ಕೈಕಾಲು, ಒಣಗಿದ ಕತ್ತು, ಟೀಷರ್ಟನ್ನು ಮುಂದಕ್ಕೆ ತಳ್ಳಿದ ಹೊಟ್ಟೆ. ತೂಕ ಅರವತ್ತೂ ಇರಲಿಕ್ಕಿಲ್ಲ. ‘ಇವ್ರಿಗೇನ್ ಬಂತಪ್ಪ ಬೆಟ್ಟ ಹತ್ತೋ ಕರ್ಮ’ ಎಂದು ಅತ್ತಿಗೆ ಪಿಸುಗುಡುತ್ತಾರೆ. ಬಂದಿರಬಹುದು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್ ಪಕ್ಕಪಕ್ಕ ನಿಂತು ತೆಗೆಸಿಕೊಂಡ ಪಟವೊಂದು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಿತ್ತು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಇಬ್ಬರದೂ ಒಂದೇ, 22.3. ಮೈಯೊಳಗಿನ ಕೊಬ್ಬು ಮಾತ್ರ ಆಂಗ್ಲರದು 9.1 ಪರ್ಸೆಂಟ್, ನಮ್ಮವರದು 21.2.

ಈ ಕತೆಯಲ್ಲಿ ಕೆಳಗೆ ಕಾಣುವ ಊರಿಗೂ ಪಾಲಿದೆ. ಮೈಸೂರಿನವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ ಬರೆದಿಟ್ಟ ದಫ್ತರಗಳು ಉಳಿದಿದ್ದವು. ಆ ಕೂಸುಗಳು ನಡುವಯಸ್ಸು ದಾಟಿದ ಮೇಲೆ ಸಂಶೋಧಕರು ಅವರನ್ನು ಮನೆಮನೆಗೆ ಹೋಗಿ ಹುಡುಕಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲೇ ಹೃದಯದ ಕಾಯಿಲೆ ಹೆಚ್ಚೆಂದು 1996ರಲ್ಲಿ ವರದಿಯಾಯಿತು. ಮುಂದಿನ ಪೀಳಿಗೆಯ ಕೂಸುಗಳನ್ನು ಅಳೆದಾಗ ಇನ್ನೊಂದು ವಿಷಯ ಗೊತ್ತಾಯಿತು. ಮೈಸೂರಿನ ಮಗು ಬಿಳಿಯರ ಮಗುವಿಗಿಂತ ಎಲ್ಲ ಅಳತೆಯಲ್ಲೂ ಚಿಕ್ಕದು, ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿಲ್ಲ. ನಾವು ಹುಟ್ಟುವಾಗಲೇ ಸ್ನಾಯುವಿನಲ್ಲಿ ಬಡವರು, ಕೊಬ್ಬಿನಲ್ಲಿ ಅನುಕೂಲಸ್ಥರು. ಹಸಿವಿನ ಕಾಲದಲ್ಲಿ ಇದು ಬದುಕಿಸಿತ್ತೇನೋ. ಈಗ ಮೊಬೈಲಿನಲ್ಲಿ ಒತ್ತಿದರೆ ಬಿರಿಯಾನಿ ಬಾಗಿಲಿಗೆ ಬರುತ್ತದೆ.

ನಂದಿಯ ಹತ್ತಿರ ಸಂತೆ. ಒಂದೇ ಬಂಡೆಯಲ್ಲಿ ಕೆತ್ತಿದ ಆ ಭಾರಿ ಮೈಯ ಮುಂದೆ ನಿಂತು ಸಣ್ಣಗಾಗಲು ಬಂದವರೆಲ್ಲ ಸೆಲ್ಫಿ ತೆಗೆದುಕೊಳ್ಳುತ್ತಾರೆ. ರಸ್ತೆಬದಿಯಲ್ಲಿ ಕಬ್ಬಿನ ಹಾಲಿನ ಗಾಣ ತಿರುಗುತ್ತಿದೆ, ಸೌತೆಕಾಯಿಗೆ ಉಪ್ಪು ಖಾರ ಸವರುತ್ತಿದ್ದಾರೆ, ಚುರುಮುರಿಯವನು ಈರುಳ್ಳಿ ಹೆಚ್ಚುತ್ತಿದ್ದಾನೆ. ಅತ್ತಿಗೆ ಕಬ್ಬಿನ ಹಾಲಿನ ಕಡೆ ನೋಡುತ್ತಾರೆ. ನಾದಿನಿ ಸೌತೆಕಾಯಿ ಕೊಡಿಸುತ್ತಾಳೆ. ಕಟ್ಟೆಯ ಮೇಲೆ ಕೂತ ಮೇಲೆ ಅಸಲು ಮಾತು ಶುರುವಾಗುತ್ತದೆ.

‘ಮೊದಲ್ನೇ ವಾರ ಎರಡು ಕೆ.ಜಿ. ಇಳೀತು ಕಣೇ. ಆಮೇಲೆ ಮುಷ್ಕರ ಹೂಡಿದ ಹಾಗೆ ನಿಂತೋಗಿದೆ. ನಾನೇನು ಕದ್ದು ತಿಂತಿಲ್ಲ.’

‘ಅದು ನೀರು ಅತ್ತಿಗೆ.’

ನೀರೇ. ಯಕೃತ್ತು, ಸ್ನಾಯುಗಳಲ್ಲಿ ಹಿಟ್ಟಿನಂಶದ ಒಂದು ಸಣ್ಣ ದಾಸ್ತಾನಿರುತ್ತದೆ, ಹೆಚ್ಚೆಂದರೆ ಅರ್ಧ ಕೆ.ಜಿ. ಅದರ ಪ್ರತಿ ಗ್ರಾಮೂ ಮೂರು ಗ್ರಾಮಿನಷ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ ಕಡಿಮೆ ಮಾಡಿದ ಮೊದಲ ವಾರ ಆ ದಾಸ್ತಾನು ಕರಗಿ, ಜೊತೆಯ ನೀರೂ ಹೋಗುತ್ತದೆ. ಪೇಪರಿನಲ್ಲಿ ‘ಏಳು ದಿನಕ್ಕೆ ಮೂರು ಕೆ.ಜಿ.’ ಎಂದು ಜಾಹೀರಾತು ಕೊಡುವವರ ಬಂಡವಾಳವೆಲ್ಲ ಈ ನೀರು. ಒಂದು ದಿನ ಉಪ್ಪಿನಕಾಯಿ ಹಪ್ಪಳ ಜೋರಾದರೆ ಮಾರನೆಯ ಬೆಳಗ್ಗೆ ಒಂದು ಕೆ.ಜಿ. ವಾಪಸು ಬಂದಿರುತ್ತದೆ. ಅದೂ ನೀರೇ. ನಾದಿನಿ ಈಗ ದಿನಾ ತೂಕ ನೋಡುವುದಿಲ್ಲ. ತಿಂಗಳಿಗೊಮ್ಮೆ ಟೈಲರ್ ಟೇಪಿನಿಂದ ಸೊಂಟ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ, ಹಾಲಿನ ಲೆಕ್ಕದ ಪಕ್ಕದಲ್ಲಿ.

ಅವಳು ಈ ದಾರಿ ಒಮ್ಮೆ ಸವೆಸಿದವಳು. ಆರು ವರ್ಷದ ಹಿಂದೆ ಯೂಟ್ಯೂಬ್ ನೋಡಿ ಬೆಳಗ್ಗೆ ಬಿಸಿನೀರು ಜೇನು, ಮಧ್ಯಾಹ್ನ ಬೇಯಿಸಿದ ತರಕಾರಿ, ರಾತ್ರಿ ಉಪವಾಸ. ನಾಲ್ಕು ತಿಂಗಳಲ್ಲಿ ಹನ್ನೊಂದು ಕೆ.ಜಿ. ಇಳಿಸಿದ್ದಳು. ಮದುವೆಮನೆಗಳಲ್ಲಿ ಜನ ಅವಳ ಕೈಹಿಡಿದು ಗುಟ್ಟು ಕೇಳುತ್ತಿದ್ದರು. ಬಾಚಣಿಗೆಯಲ್ಲಿ ಕಂತೆ ಕೂದಲು ಬರುತ್ತಿದ್ದುದು ಅವರಿಗೆ ಗೊತ್ತಿರಲಿಲ್ಲ. ಒಂದೂವರೆ ವರ್ಷದಲ್ಲಿ ಹತ್ತು ಕೆ.ಜಿ. ಹಿಂದಕ್ಕೆ ಬಂತು, ಅದೇ ಜನ ಈಗ ಕಣ್ಣಲ್ಲೇ ಅಳೆದರು.

‘ನಂಗೆ ನಾಲ್ಗೆ ಬಿಗಿ ಇಲ್ಲ ಅಂದ್ಕೊಂಡ್ರು ಎಲ್ರೂ. ಅಣ್ಣನೂ ಅಂದ. ನಾನೂ ಹಂಗೇ ಅಂದ್ಕೊಂಡಿದ್ದೆ ಬಿಡಿ.’

ನಾಲಗೆಗಿಂತ ದೊಡ್ಡ ಎದುರಾಳಿ ಒಳಗಿರುತ್ತದೆ. ಅಮೆರಿಕದ ಟಿ.ವಿ.ಯಲ್ಲಿ ‘ಬಿಗೆಸ್ಟ್ ಲೂಸರ್’ ಎಂಬ ತೂಕ ಇಳಿಸುವ ಸ್ಪರ್ಧೆ ನಡೆಯುತ್ತಿತ್ತು. ಅದರಲ್ಲಿ ಭಾಗವಹಿಸಿದ್ದ ಹದಿನಾಲ್ಕು ಮಂದಿಯನ್ನು ಆರು ವರ್ಷದ ನಂತರ ಕೆವಿನ್ ಹಾಲ್ ಎಂಬ ವಿಜ್ಞಾನಿ ಪರೀಕ್ಷಿಸಿ 2016ರಲ್ಲಿ ಬರೆದರು. ಬಹುಪಾಲು ಜನರ ತೂಕ ಮರಳಿ ಬಂದಿತ್ತು. ಸುಮ್ಮನೆ ಕೂತಾಗ ಅವರ ದೇಹ ಸುಡುತ್ತಿದ್ದುದು ಮಾತ್ರ ಅವರ ಗಾತ್ರಕ್ಕೆ ಸುಡಬೇಕಾದ್ದಕ್ಕಿಂತ ದಿನಕ್ಕೆ ಐನೂರು ಕ್ಯಾಲರಿಯಷ್ಟು ಕಡಿಮೆ. ಆಸ್ಟ್ರೇಲಿಯಾದಲ್ಲಿ ಐವತ್ತು ಜನರಿಗೆ ಹತ್ತು ವಾರ ತೀರಾ ಕಡಿಮೆ ಆಹಾರ ಕೊಟ್ಟು ತೂಕ ಇಳಿಸಿದ್ದರು. ಒಂದು ವರ್ಷ ಕಳೆದರೂ ಅವರ ರಕ್ತದಲ್ಲಿ ಹಸಿವು ಹುಟ್ಟಿಸುವ ಗ್ರೆಲಿನ್ ಏರಿಯೇ ಇತ್ತು, ಸಾಕೆನ್ನಿಸುವ ಲೆಪ್ಟಿನ್ ಇಳಿದೇ ಇತ್ತು. ದೇಹಕ್ಕೆ ಡಯಟ್ ಯಾವುದು, ಬರಗಾಲ ಯಾವುದು ತಿಳಿಯದು. ಎರಡಕ್ಕೂ ಒಂದೇ ಉತ್ತರ: ಖರ್ಚು ಕಡಿತ, ಹಸಿವು ಜಾಸ್ತಿ.

ಈ ಸಲ ಅವಳು ನಿಧಾನವಾಗಿ ಐದು ಕೆ.ಜಿ. ಇಳಿಸಿ ಎರಡು ವರ್ಷದಿಂದ ಅಲ್ಲೇ ಹಿಡಿದು ನಿಲ್ಲಿಸಿದ್ದಾಳೆ. ಐದು ಅಷ್ಟೇನಾ ಎಂದು ಕೇಳುವವರಿದ್ದಾರೆ. ಹನ್ನೊಂದು ಇಳಿಸಿ ಹತ್ತು ಏರಿಸಿಕೊಂಡವಳಿಗೆ ಈ ಐದರ ಬೆಲೆ ಗೊತ್ತು. ವಾರಕ್ಕೆ ಮೂರು ದಿನ ಬೈಠಕ್ ಹೊಡೆಯುತ್ತಾಳೆ, ಎರಡು ಕೈಯಲ್ಲೂ ಐದೈದು ಲೀಟರಿನ ನೀರಿನ ಕ್ಯಾನು ಹಿಡಿದು. ಬರೀ ಹಸಿದುಕೊಂಡು ಇಳಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಮರಳಿ ಬರುವಾಗ ಮೊದಲು ಬರುವುದು ಕೊಬ್ಬು. ಮೊದಲೇ ಸ್ನಾಯುವಿನ ಬಡವರಾದ ನಮಗೆ ಇದು ದೊಡ್ಡ ನಷ್ಟ. ಗರಡಿಗಳ ಊರು ಮೈಸೂರು. ಇಲ್ಲಿ ಬೈಠಕ್ ಎಂದರೆ ಏನೆಂದು ಯಾರಿಗೂ ಹೇಳಿಕೊಡಬೇಕಿಲ್ಲ, ಹೆಂಗಸರು ಹೊಡೆಯುವುದು ಮಾತ್ರ ಹೊಸದು.

ನಂದಿಯಿಂದ ಮೇಲಕ್ಕೆ ಹೇಳಿಕೊಳ್ಳುವ ಕಷ್ಟವಿಲ್ಲ. ಮೇಲೆ ಕ್ಯೂ, ದರ್ಶನ, ಕುಂಕುಮ. ಇಳಿಯುವಾಗ ಮೊಣಕಾಲು ನಡುಗುತ್ತದೆಂದು ಇಬ್ಬರೂ ಸಿಟಿ ಬಸ್ಸು ಹಿಡಿಯುತ್ತಾರೆ. ಭಾರಿ ಮೈಯವರಿಗೆ ಇಳಿಜಾರಿನ ಮೆಟ್ಟಿಲೇ ಏರಿಗಿಂತ ಹೆಚ್ಚು ಪೆಟ್ಟು ಕೊಡುವುದು, ಆದ್ದರಿಂದ ಇದು ಸೋಮಾರಿತನವೆಂದು ಯಾರೂ ನಗಬೇಕಾಗಿಲ್ಲ. ಬಸ್ಸಿನಲ್ಲಿ ಅತ್ತಿಗೆ ದೋಸೆಯ ಪ್ರಸ್ತಾಪ ಎತ್ತುತ್ತಾರೆ.

‘ಮಧ್ಯಾಹ್ನ ಗೃಹಪ್ರವೇಶದ ಊಟ ಇದೆ ಅತ್ತಿಗೆ. ದೋಸೆನೋ, ಒಬ್ಬಟ್ಟೋ, ಒಂದು ಹೇಳಿ.’

ಅತ್ತಿಗೆ ಕಿಟಕಿಯಾಚೆ ನೋಡುತ್ತ ಯೋಚಿಸುತ್ತಾರೆ. ‘ಒಬ್ಬಟ್ಟು.’

ಮಧ್ಯಾಹ್ನ ಒಂದೂವರೆ, ವಿಜಯನಗರ. ಧನುರ್ಮಾಸ ಮುಗಿದದ್ದೇ ತಡ, ಊರಿನಲ್ಲಿ ಶಾಮಿಯಾನ ಸಿಗುವುದಿಲ್ಲ. ಹೊಸ ಪೇಂಟಿನ ಘಾಟು, ಹೋಮದ ಹೊಗೆ, ತುಪ್ಪದ ಪರಿಮಳ ಮೂರೂ ಬೆರೆತು ತಾರಸಿಯ ಮೇಲೆ ತೇಲುತ್ತಿವೆ. ಪಂಕ್ತಿಯಲ್ಲಿ ನಾದಿನಿ ಎಡಕ್ಕೆ, ಅತ್ತಿಗೆ ನಡುವೆ, ನೀವು ಬಲಕ್ಕೆ. ಎಲೆಗೆ ನೀರು ಚಿಮುಕಿಸುವಷ್ಟರಲ್ಲಿ ಬಡಿಸುವವರು ಓಟ ಶುರು ಮಾಡುತ್ತಾರೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಹುರುಳಿಕಾಯಿ ಪಲ್ಯ, ಗೊಜ್ಜು, ಚಿತ್ರಾನ್ನ, ಆಂಬೊಡೆ. ಅನ್ನ ಬರುವುದಕ್ಕೆ ಇನ್ನೂ ಐದು ನಿಮಿಷವಿದೆ. ನಾದಿನಿ ಕೋಸಂಬರಿಯನ್ನು ಪೂರ್ತಿ ತಿಂದು ಮತ್ತೆ ಹಾಕಿಸಿಕೊಳ್ಳುತ್ತಾಳೆ. ಹೆಸರುಬೇಳೆ, ಸೌತೆಕಾಯಿ, ಪಲ್ಯ ಹೊಟ್ಟೆಯಲ್ಲಿ ಜಾಗ ಹಿಡಿದ ಮೇಲೆ ಬರುವ ಅನ್ನ ರಕ್ತದಲ್ಲಿ ಸಕ್ಕರೆಯನ್ನು ಅಷ್ಟು ಎತ್ತರಕ್ಕೆ ಏರಿಸುವುದಿಲ್ಲ. ಎಲೆಯ ಮೇಲೆ ಬಡಿಸುವ ಈ ಕ್ರಮ ಯಾರು ಮಾಡಿದರೋ, ಇವತ್ತಿನ ಡಯಟಿಷಿಯನ್ನರು ಫೀಸು ತೆಗೆದುಕೊಂಡು ಹೇಳುವುದು ಇದನ್ನೇ. ಮನೆಯಲ್ಲಿ ತಟ್ಟೆಗೆ ಮೊದಲು ಅನ್ನದ ಗುಡ್ಡೆ ಬೀಳುತ್ತದೆ, ಪಲ್ಯ ನೆಂಚಿಕೊಳ್ಳುವುದಕ್ಕೆ ಎಂಬಂತೆ ಮೂಲೆಯಲ್ಲಿರುತ್ತದೆ.

ಒಬ್ಬಟ್ಟು ಬಂತು. ಹಿಂದೆಯೇ ತುಪ್ಪದ ಮಿಳ್ಳೆ.

‘ಒಂದು ಸಾಕು’ ಎಂದು ಅತ್ತಿಗೆ ಕೈ ಅಡ್ಡ ಹಿಡಿಯುತ್ತಾರೆ.

‘ಒಂದೇನಮ್ಮ, ಜೊತೆ ಒಡೀಬಾರ್ದು!’ ಎಂದು ಬಡಿಸುವವರು ಬೆರಳ ಸಂದಿಯಲ್ಲೇ ಎರಡನೆಯದನ್ನು ಇಳಿಸಿ ಹೋಗುತ್ತಾರೆ. ಎದುರಿನ ಸಾಲಿನಿಂದ ಮನೆಯೊಡತಿಯ ಅಮ್ಮ ನೋಡುತ್ತಿದ್ದಾರೆ. ಎಲೆಯಲ್ಲಿ ಬಿಟ್ಟರೆ ಅವರಿಗೆ ಬೇಸರ, ತಿಂದರೆ ಡಾಕ್ಟರಿಗೆ. ಡಯಟ್ ಚಾರ್ಟುಗಳಲ್ಲಿ ಎಲ್ಲೂ ಬರೆಯದ ಸಂಗತಿ ಇದು: ನಮ್ಮಲ್ಲಿ ಊಟ ಒಬ್ಬರ ವ್ಯವಹಾರವೇ ಅಲ್ಲ. ಬಡಿಸುವವರು, ನೋಡುವವರು, ಉಪಚಾರ ಹೇಳುವವರು ಎಲ್ಲರೂ ನಮ್ಮ ಎಲೆಯಲ್ಲಿ ಪಾಲುದಾರರು. ನಾದಿನಿ ತನ್ನ ಎಲೆಯ ಒಬ್ಬಟ್ಟನ್ನು ಅರ್ಧ ಮುರಿದು ಹಾಗೇ ಉಳಿಸಿಕೊಂಡು ಮಜ್ಜಿಗೆ ಬರುವವರೆಗೂ ನಿಧಾನ ಮಾಡುತ್ತಿದ್ದಾಳೆ. ಎಲೆಯ ಮೇಲೆ ಒಬ್ಬಟ್ಟು ಕಾಣುತ್ತಿದ್ದರೆ ಎರಡನೆಯ ಸುತ್ತಿನವರು ನಿಲ್ಲುವುದಿಲ್ಲ. ಕಳ್ಳಾಟವೇ, ಆದರೆ ಯಾರ ಮನಸ್ಸೂ ನೋಯುವುದಿಲ್ಲ. ಅತ್ತಿಗೆ ಎರಡನ್ನೂ ತಿನ್ನುತ್ತಾರೆ, ಸಂತೋಷವಾಗಿ, ತುಪ್ಪದ ಸಮೇತ. ಆಮೇಲೆ ಮುಖ ಸಣ್ಣದಾಗುತ್ತದೆ.

‘ಬೆಳಗ್ಗೆ ಹತ್ತಿದ್ದೆಲ್ಲ ಹಾಳಾಯ್ತು.’

‘ಏನೂ ಹಾಳಾಗಿಲ್ಲ. ಬನ್ನಿ, ತಾಂಬೂಲ ತಗೊಂಡು ಎರಡು ಕ್ರಾಸ್ ನಡ್ಕೊಂಡು ಹೋಗಣ. ಊಟ ಆದ ಕೂಡ್ಲೆ ಹತ್ತು ಹದಿನೈದು ನಿಮಿಷ ನಡುದ್ರೆ ಸಕ್ರೆಗೆ ಬೆಟ್ಟಕ್ಕಿಂತ ಒಳ್ಳೇದು.’

‘ಹಾಳಾಯ್ತು’ ಎನ್ನುವ ಆ ಮಾತಿಗೆ ಒಬ್ಬಟ್ಟಿಗಿಂತ ಹೆಚ್ಚು ತೂಕವಿದೆ. ಹೇಗೂ ಹಾಳಾಯಿತೆಂದು ಸಂಜೆ ಬೋಂಡ, ರಾತ್ರಿ ಐಸ್‌ಕ್ರೀಮು, ಸೋಮವಾರದಿಂದ ಹೊಸದಾಗಿ ಶುರು. ಆ ಸೋಮವಾರ ಬರುವುದು ಯುಗಾದಿ ಕಳೆದ ಮೇಲೆ.

ಸಂಜೆ ಆರೂವರೆ. ಈಗ ನೀವು ಅತ್ತಿಗೆಯ ಅಡುಗೆಮನೆಯಲ್ಲಿದ್ದೀರಿ. ಬಾಗಿಲ ಪಕ್ಕದ ಮೋಡಾದ ಮೇಲೆ ಕೂತುಕೊಳ್ಳಿ, ಇಲ್ಲಿ ಸ್ವಲ್ಪ ಹೊತ್ತು ಇರಬೇಕಾಗುತ್ತದೆ. ಅತ್ತೆ ಹಿತಕಿದ ಅವರೆಬೇಳೆಯನ್ನು ತೊಳೆಯುತ್ತಿದ್ದಾರೆ. ಕಾಳು ಬಿಡಿಸಿ ನೆನೆಸಿ ಹಿತಕುವುದಕ್ಕೆ ಮಧ್ಯಾಹ್ನವೆಲ್ಲ ಹೋಗಿದೆ. ಒಲೆಯ ಪಕ್ಕದಲ್ಲಿ ಎಣ್ಣೆಯ ಸ್ಟೀಲ್ ಜಗ್ಗು, ಸಂಕ್ರಾಂತಿಯಲ್ಲಿ ಮನೆಮನೆಯಿಂದ ಬಂದು ಉಳಿದ ಎಳ್ಳುಬೆಲ್ಲದ ಡಬ್ಬ. ಬರಹೋಗುವವರೆಲ್ಲ ಒಂದೊಂದು ಚಮಚ ಬಾಯಿಗೆ ಹಾಕಿಕೊಂಡು ಹೋಗುತ್ತಾರೆ. ಎಳ್ಳು, ಕಡಲೆಕಾಯಿಬೀಜ, ಕೊಬ್ಬರಿ, ಬೆಲ್ಲ. ಚಮಚವೇನೋ ಸಣ್ಣದು. ನಾದಿನಿ ಡಬ್ಬವನ್ನು ಎತ್ತಿ ಅಟ್ಟದ ಮೇಲಿಡುತ್ತಾಳೆ.

‘ಕಣ್ಣಿಗೆ ಕಾಣ್ದಿದ್ರೆ ಕೈ ಹೋಗಲ್ಲ. ಬೇಕಂದ್ರೆ ಸ್ಟೂಲ್ ಹಾಕ್ಕೊಂಡು ಹತ್ಲಿ.’

ಆಮೇಲೆ ಅವಳು ದಿನಸಿ ಚೀಟಿ ಕೇಳುತ್ತಾಳೆ. ತಿಂಗಳಿಗೆ ಸೂರ್ಯಕಾಂತಿ ಎಣ್ಣೆ ಆರು ಪ್ಯಾಕೆಟ್ಟು. ಮನೆಯಲ್ಲಿ ಐದು ಜನ. ಫೋನಿನಲ್ಲಿ ಭಾಗಿಸುತ್ತಾಳೆ: ತಲೆಗೆ ದಿನಕ್ಕೆ ಮೂವತ್ತಾರು ಗ್ರಾಮಿನ ಮೇಲೆ, ಕ್ಯಾಲರಿಯಲ್ಲಿ 330. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೇಳಿದ್ದು, ದಿನಕ್ಕೆ ಎರಡು ಸಾವಿರ ಕ್ಯಾಲರಿ ತಿನ್ನುವವರಿಗೆ 27 ಗ್ರಾಂ. ಈ ಮನೆಯ ಮೂವತ್ತಾರರಲ್ಲಿ ತುಪ್ಪ, ತೆಂಗಿನಕಾಯಿ, ಹೊರಗಿನ ಬೋಂಡ ಯಾವುದೂ ಸೇರಿಲ್ಲ. ಆರು ಪ್ಯಾಕೆಟ್ಟು ನಾಲ್ಕಾದರೆ ತಲೆಗೆ ದಿನಕ್ಕೆ 110 ಕ್ಯಾಲರಿ ಇಳಿಯುತ್ತದೆ. ವಾರದಲ್ಲಿ ಮೂರು ನಾಲ್ಕು ಸಲ ಬೆಟ್ಟ ಹತ್ತಿದಷ್ಟು, ಅದೂ ಮನೆಯವರೆಲ್ಲ ಕೂತಲ್ಲೇ.

‘ಚಮಚದಲ್ಲಿ ಅಳೀರಿ ಅಂದ್ರೆ ಯಾರೂ ಅಳಿಯಲ್ಲ ಅತ್ತಿಗೆ. ಅಂಗ್ಡಿಯಿಂದ್ಲೇ ನಾಲ್ಕು ತನ್ನಿ. ಜಗ್ಗು ಖಾಲಿ ಆಗೋದು ಕಾಣುದ್ರೆ ಅಮ್ಮನ ಕೈ ತಾನೇ ಬಿಗಿಯಾಗತ್ತೆ.’

ಅತ್ತೆ ಬೆನ್ನು ತಿರುಗಿಸಿಯೇ ಉತ್ತರ ಕೊಡುತ್ತಾರೆ. ‘ಎಣ್ಣೆ ಇಲ್ದೆ ಒಗ್ಗರಣೆ ಏನ್ ನೀರಲ್ಲಿ ಹಾಕ್ಲಾ? ನಿಮ್ಮಪ್ಪ ಎಂಬತ್ತೆರಡು ವರ್ಷ ಎರಡೆರಡು ಮುದ್ದೆ ತಿಂದು ಕಡ್ಡಿ ಇದ್ದಂಗಿದ್ರು.’

‘ಅಪ್ಪ ದಿನಾ ಗದ್ದೆ ಸುತ್ತಿ ಬರ್ತಿದ್ರಮ್ಮ. ಅಣ್ಣ ಲಿಫ್ಟಿಂದ ಕಾರಿಗೆ ಬರ್ತಾನೆ.’

ಮುದ್ದೆಯ ಮಾತು ಬಂತಲ್ಲ, ಅಲ್ಲೊಂದು ಮೂಢನಂಬಿಕೆಯೂ ಇದೆ. ಅನ್ನ ಬಿಟ್ಟು ರಾಗಿ ಹಿಡಿದರೆ ತೂಕ ತಾನಾಗಿ ಇಳಿಯುತ್ತದೆಂದು ಬೆಂಗಳೂರು ಮೈಸೂರಿನವರು ಈಗ ನಂಬಿದ್ದಾರೆ. ನೂರು ಗ್ರಾಂ ರಾಗಿಯಲ್ಲಿ 321 ಕ್ಯಾಲರಿ, ನೂರು ಗ್ರಾಂ ಅಕ್ಕಿಯಲ್ಲಿ 356. ಆ ವ್ಯತ್ಯಾಸವನ್ನು ಮುದ್ದೆಯ ಮೇಲಿನ ತುಪ್ಪ ಒಂದೇ ಏಟಿಗೆ ಮುಚ್ಚುತ್ತದೆ. ನಾರು ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ ಮೂರಕ್ಕೂ ಕಡಿಮೆ, ಸುಣ್ಣದಂಶವಂತೂ ಹೋಲಿಕೆಗೇ ನಿಲ್ಲದು. ಇಷ್ಟಕ್ಕಾಗಿ ತಿನ್ನಿ, ಬೇಡವೆಂದವರಾರು. ಆದರೆ ದೇಶದ ಉದ್ದಗಲಕ್ಕೂ ನಡೆದ ಐಸಿಎಂಆರ್ ಸಮೀಕ್ಷೆ 2025ರಲ್ಲಿ ಹೇಳಿದ್ದು, ನಮ್ಮ ಶಕ್ತಿಯಲ್ಲಿ 62 ಪರ್ಸೆಂಟ್ ಬರುವುದು ಹಿಟ್ಟಿನ ಪದಾರ್ಥದಿಂದ. ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟೋ ಸಿರಿಧಾನ್ಯದ ಹಿಟ್ಟೋ ಬಂದ ಮಾತ್ರಕ್ಕೆ ಅಪಾಯ ತಗ್ಗಿದ್ದು ಅವರಿಗೆ ಕಾಣಲಿಲ್ಲ. ತಗ್ಗಬೇಕಾದರೆ ಆ ಜಾಗಕ್ಕೆ ಬೇಳೆ, ಕಾಳು, ಮೊಟ್ಟೆ, ಮೊಸರು ಬರಬೇಕು. ಅತ್ತೆ ತೊಳೆಯುತ್ತಿರುವ ಅವರೆಬೇಳೆ ಸಾರಿನಲ್ಲಿ ಎರಡು ಸೌಟು ಹೆಚ್ಚಾಗಿ, ಮುದ್ದೆ ಒಂದು ಹಿಡಿ ಸಣ್ಣದಾಗಬೇಕು, ಅಷ್ಟೇ. ಚಿಯಾ ಬೀಜ, ಓಟ್ಸು ಯಾವುದೂ ಬೇಕಾಗಿಲ್ಲ.

ಇನ್ನೊಂದು ಗುಟ್ಟು ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿಲ್ಲ. ರಾತ್ರಿ ಎಲ್ಲರ ಊಟ ಮುಗಿದ ಮೇಲೆ ಬಾಣಲೆಯಲ್ಲಿ ಎರಡು ಚಮಚ ಪಲ್ಯ, ತಪ್ಪಲೆಯಲ್ಲಿ ಒಂದು ಹಿಡಿ ಅನ್ನ, ಮಗಳ ತಟ್ಟೆಯಲ್ಲಿ ಅರ್ಧ ಚಪಾತಿ ಉಳಿದಿರುತ್ತದೆ. ಫ್ರಿಜ್ಜಿಗೆ ಇಡಲು ಕಡಿಮೆ, ಚೆಲ್ಲಲು ಮನಸ್ಸು ಬಾರದು. ಅತ್ತಿಗೆ ನಿಂತುಕೊಂಡೇ ಅದನ್ನು ಮುಗಿಸಿ ಪಾತ್ರೆ ನೆನೆಹಾಕುತ್ತಾರೆ. ಅವರ ಲೆಕ್ಕದಲ್ಲಿ ಅದು ಊಟವಲ್ಲ, ಸಿಂಕು ಒರೆಸುವಂಥ ಒಂದು ಕೆಲಸ. ಆದ್ದರಿಂದಲೇ ‘ನಾನೇನೂ ಕದ್ದು ತಿಂತಿಲ್ಲ’ ಎಂದು ಬೆಳಗ್ಗೆ ಹೇಳಿದ್ದು ಪೂರಾ ಪ್ರಾಮಾಣಿಕವಾಗಿಯೇ. ಎಷ್ಟೋ ಮನೆಗಳಲ್ಲಿ ಗಂಡಸರ ಹೊಟ್ಟೆ ಹೋಟೆಲಿನದು, ಹೆಂಗಸರದು ಉಳಿದಿದ್ದರದು. ಇದಕ್ಕೆ ಜಿಮ್ಮಿನಲ್ಲಿ ಔಷಧವಿಲ್ಲ. ಅಕ್ಕಿ ಅಳೆಯುವಾಗಲೇ ಇದೆ.

ನಾದಿನಿ ಇದನ್ನು ಹೇಗೆ ಹೇಳುವುದೆಂದು ಯೋಚಿಸುತ್ತಾಳೆ. ಅಮ್ಮನೆದುರು ಅತ್ತಿಗೆಯನ್ನು ತಿದ್ದುವಂತಿಲ್ಲ, ಅತ್ತಿಗೆಯೆದುರು ಅಮ್ಮನನ್ನೂ ತಿದ್ದುವಂತಿಲ್ಲ. ಅಷ್ಟರಲ್ಲಿ ಅತ್ತೆ ಅಕ್ಕಿ ಡಬ್ಬದ ಮುಚ್ಚಳ ತೆಗೆದು, ಲೋಟ ಹಿಡಿದು, ಈ ಕಡೆ ತಿರುಗುತ್ತಾರೆ.

‘ಮೂರು ಲೋಟ ಇಡ್ತೀನಿ.’

‘ಎರಡು ಸಾಕಮ್ಮ’ ಎನ್ನುತ್ತಾರೆ ಅತ್ತಿಗೆ. ‘ಮುದ್ದೇನೂ ಇದ್ಯಲ್ಲ.’

‘ಉಳುದ್ರೆ ಉಳೀತು, ನೀನಿದ್ದೀಯಲ್ಲ.’

ಅತ್ತಿಗೆಯ ಕೈ ಸೊಪ್ಪಿನ ಮೇಲೆ ನಿಲ್ಲುತ್ತದೆ. ನಾದಿನಿ ಬಾಯಿ ತೆರೆಯುವ ಮೊದಲೇ ಅವರೇ ಹೇಳುತ್ತಾರೆ, ‘ಇನ್ಮೇಲೆ ಉಳುದಿದ್ದು ನಾನು ತಿನ್ನಲ್ಲಮ್ಮ. ಡಾಕ್ಟ್ರು ಬೇಡ ಅಂದವ್ರೆ.’ ಡಾಕ್ಟರು ಹಾಗೇನೂ ಅಂದಿಲ್ಲ. ಆದರೂ ಈ ಸುಳ್ಳಿಗೆ ಮನೆಯಲ್ಲಿ ಬೆಲೆಯಿದೆ, ಸೊಸೆಯ ಮಾತಿಗಿಂತ ಡಾಕ್ಟರ ಮಾತು ಯಾವತ್ತೂ ಒಂದು ತೂಕ ಹೆಚ್ಚು.

ಅತ್ತೆ ಸೊಸೆಯ ಮುಖವನ್ನೂ ಲೋಟವನ್ನೂ ಒಂದು ಸಲ ನೋಡುತ್ತಾರೆ. ‘ಯಾರಾದ್ರೂ ಬಂದ್ಬಿಟ್ರೆ?’

‘ಬಂದ್ರೆ ಉಪ್ಪಿಟ್ಟು ಕೆದಕುದ್ರಾಯ್ತು’ ಎನ್ನುತ್ತಾಳೆ ನಾದಿನಿ.

ಎರಡು ಲೋಟ ಅಕ್ಕಿ ಪಾತ್ರೆಗೆ ಬೀಳುತ್ತದೆ. ಮೂರನೆಯದನ್ನು ತುಂಬಿ ಎತ್ತಿದ ಅತ್ತೆ ಅರ್ಧವನ್ನು ಡಬ್ಬಕ್ಕೆ ವಾಪಸು ಸುರಿದು, ಅರ್ಧವನ್ನು ಪಾತ್ರೆಗೆ ಹಾಕುತ್ತಾರೆ.

‘ಎರಡೂವರೆ’ ಎನ್ನುತ್ತಾರೆ. ‘ಅದ್ಕಿಂತ ಕಮ್ಮಿ ನನ್ ಕೈಲಾಗಲ್ಲ.’